ಉಪ್ಪಾಗೆ ನಮ್ಮದು, ಮಾತು ಅವರದು, ದುಡ್ಡೂ ಅವರದೇ

ಹೋದ ತಿಂಗಳು ಊರಿಗೆ ಹೋಗಿದ್ದಾಗ ಅತ್ತಿಗೆ ಒಂದು ಪ್ಲಾಸ್ಟಿಕ್ ಡಬ್ಬಿ ತಂದು ನನ್ನ ಕೈಗಿಟ್ಟರು.

"ನೀನು ಪೇಪರಿನವನಲ್ಲವಾ, ಇದರ ಮೇಲೆ ಏನು ಬರೆದಿದ್ದಾರೆ ಓದಿ ಹೇಳು ಮಾರಾಯ. ನುಂಗಬಹುದಾ?"

ಸ್ವಸಹಾಯ ಸಂಘದ ಸಭೆ ಮುಗಿದ ಮೇಲೆ ಪೇಟೆ ಕಡೆಯಿಂದ ಬಂದ ಹೆಂಗಸೊಬ್ಬಳು ಮಾರಿದ ಡಬ್ಬಿ ಅದು. 60 ಕ್ಯಾಪ್ಸೂಲ್, 899 ರೂಪಾಯಿ. ತಿಂಗಳಿಗೆ ಐದು ಕಿಲೋ ಇಳಿಯುತ್ತದೆ, ಶುಗರ್ ಕೂಡ ಹತೋಟಿಗೆ ಬರುತ್ತದೆ, ಪೂರ್ತಿ ನೈಸರ್ಗಿಕ, ಸೈಡ್ ಎಫೆಕ್ಟ್ ಇಲ್ಲ ಎಂದು ಹೇಳಿದಳಂತೆ. ಅತ್ತಿಗೆಗೆ ಎರಡು ವರ್ಷದಿಂದ ಶುಗರ್ ಇದೆ. ಸಂಘದ ಏಳು ಜನ ತಗೊಂಡಿದ್ದರು. ಇವರೂ ತಗೊಂಡರು.

ಡಬ್ಬಿ ತಿರುಗಿಸಿ ಓದಿದೆ. ದೊಡ್ಡ ಅಕ್ಷರದಲ್ಲಿ 'ಗಾರ್ಸೀನಿಯಾ ಕಂಬೋಜಿಯಾ' ಎಂದಿತ್ತು.

"ಅತ್ತಿಗೆ, ಇದು ಉಪ್ಪಾಗೆ."

ಅವರು ನಕ್ಕುಬಿಟ್ಟರು. ಅಡುಗೆಮನೆಯ ಮೂಲೆಯ ಭರಣಿಯಲ್ಲಿ ಉಪ್ಪಾಗೆ ಹುಳಿ ಇತ್ತು. ಒಲೆ ಮೇಲಿನ ತಟ್ಟಿಯಲ್ಲಿ ಹೋದ ಮಳೆಗಾಲದ ಸಿಪ್ಪೆ ಕಪ್ಪಾಗಿ ಒಣಗಿ ಇನ್ನೂ ಸ್ವಲ್ಪ ಉಳಿದಿತ್ತು. ಆ ಸಿಪ್ಪೆಗೆ ಮನೆಯಲ್ಲಿ ಯಾರೂ ಬೆಲೆ ಕಟ್ಟಿದವರಲ್ಲ. ಅದೇ ಸಿಪ್ಪೆ ಇಂಗ್ಲಿಷ್ ಹೆಸರು ಹಾಕಿಕೊಂಡು ಡಬ್ಬಿಯಲ್ಲಿ ಕೂತು ಮನೆಗೆ ವಾಪಸು ಬಂದಿತ್ತು.

ನನಗೆ ನಗು ಬರಲಿಲ್ಲ. ಈ ವ್ಯಾಪಾರದ ಎರಡೂ ತುದಿಯಲ್ಲಿ ನಮ್ಮ ಮನೆಯವರೇ ನಿಂತಿದ್ದಾರೆ. ಎರಡೂ ತುದಿಯಲ್ಲಿ ಮೋಸ ಹೋಗುತ್ತಿರುವವರೂ ಅವರೇ.

ಮೊದಲ ತುದಿ: ಮರ

ಉತ್ತರ ಕನ್ನಡ, ಶಿವಮೊಗ್ಗದ ಮಲೆನಾಡಿನವರಿಗೆ ಉಪ್ಪಾಗೆ ಪರಿಚಯಿಸುವುದು ಬೇಡ. ಬಯಲುಸೀಮೆಯ ಓದುಗರಿಗಾಗಿ ಹೇಳುತ್ತೇನೆ. ಇದು ಮುರುಗಲು ಜಾತಿಗೆ ಸೇರಿದ ಕಾಡುಮರ. ಹಣ್ಣು ಸಣ್ಣ ಕುಂಬಳಕಾಯಿ ಹಾಗೆ ಗೀರುಗೀರಾಗಿರುತ್ತದೆ. ಸಿಪ್ಪೆ ಒಣಗಿಸಿದರೆ ಹುಳಿ, ಬೀಜದಿಂದ ತುಪ್ಪ. ಕೊಡಗಿನವರ ಕಾಚಂಪುಳಿ, ಕೇರಳದವರು ಮೀನು ಸಾರಿಗೆ ಹಾಕುವ ಕುಡಂಪುಳಿ ಎಲ್ಲ ಇದೇ ಹಣ್ಣಿನದು. ತಲೆಮಾರುಗಳಿಂದ ತಿಂದಿದ್ದೇವೆ, ಇನ್ನೂ ತಿನ್ನುತ್ತೇವೆ. ಸಾರಿನ ಹುಳಿಯ ಬಗ್ಗೆ ನನ್ನ ತಕರಾರಿಲ್ಲ.

ಹಣ್ಣಾಗುವುದು ಜಡಿಮಳೆಯಲ್ಲಿ. ಮರ ಎತ್ತರ, ಕಾಂಡ ಪಾಚಿಗಟ್ಟಿರುತ್ತದೆ, ಕೆಳಗೆ ಉಂಬಳ. ಗಂಡಸರು ಮರ ಹತ್ತುತ್ತಾರೆ, ಹೆಂಗಸರು, ಮಕ್ಕಳು ಕೆಳಗೆ ಆರಿಸುತ್ತಾರೆ. ಆ ದಿನಗಳಲ್ಲಿ ಬಿಸಿಲೆಂಬುದಿಲ್ಲ. ಆದ್ದರಿಂದ ಸಿಪ್ಪೆಯನ್ನು ಬೆಂಕಿಯ ಮೇಲೆಯೇ ಒಣಗಿಸಬೇಕು. ಹಗಲೂ ರಾತ್ರಿ ಬೆಂಕಿ. ಅದಕ್ಕೆ ಬೇಕಾದ ಕಟ್ಟಿಗೆಯೂ ಅದೇ ಕಾಡಿನದು. ಮನೆ ತುಂಬ ಹೊಗೆ. ಆ ಹೊಗೆ ಕುಡಿಯುವವರು ಯಾರೆಂದು ಬೇರೆ ಹೇಳಬೇಕಿಲ್ಲ.

1990ರ ದಶಕದಲ್ಲಿ ಒಮ್ಮೆಲೇ ಬೆಲೆ ಏರಿತು. ಅಮೆರಿಕದಲ್ಲಿ ತೂಕ ಇಳಿಸುವ ಮಾತ್ರೆಗೆ ಈ ಸಿಪ್ಪೆ ಬೇಕಾಯಿತು. ಬೆಲೆ ಏರಿದಾಗ ಆಗಿದ್ದೇನು? ಹಣ್ಣಾಗುವವರೆಗೆ ಕಾದರೆ ಬೇರೆಯವರು ಕೊಯ್ಯುತ್ತಾರೆ ಎಂದು ಕಾಯಿಯನ್ನೇ ಕೊಯ್ದರು. ಟೊಂಗೆ ಕಡಿದರು. ಸಿಂಗಳೀಕ ಮತ್ತು ಉಳಿದ ಕಾಡುಪ್ರಾಣಿಗಳಿಗೆ ಬಿಡಬೇಕಾದ ಪಾಲನ್ನೂ ಬಿಡಲಿಲ್ಲ. ಆಮೇಲೆ ಬೆಲೆ ಇಳಿಯಿತು, ಮತ್ತೆ ಏರಿತು, ಮತ್ತೆ ಇಳಿಯಿತು. ಯಾಕೆ ಏರಿತು, ಯಾಕೆ ಇಳಿಯಿತು ಎಂದು ಕೊಯ್ಯುವವರಿಗೆ ಯಾರೂ ಹೇಳಲಿಲ್ಲ.

"ಈ ವರ್ಷ ಎಷ್ಟು ಸಿಕ್ಕಿತು ದೊಡ್ಡಮ್ಮ?" ಎಂದು ನಮ್ಮ ಕೇರಿಯ ಹಿರಿಯರೊಬ್ಬರನ್ನು ಕೇಳಿದೆ. "ಕಿಲೋಗೆ ನೂರರ ಮೇಲೆ ಕೊಟ್ಟರೆ ಅದೇ ದೊಡ್ಡದು ಮಗಾ. ತೇವ ಇದೆ ಅಂತ ಅದರಲ್ಲೂ ಮುರಿದುಕೊಳ್ಳುತ್ತಾರೆ" ಎಂದರು.

ಈಗ ಡಬ್ಬಿಯ ಲೆಕ್ಕ ನೋಡಿ. 60 ಕ್ಯಾಪ್ಸೂಲ್, ಒಂದೊಂದರಲ್ಲಿ 500 ಮಿಲಿಗ್ರಾಂ. ಒಟ್ಟು 30 ಗ್ರಾಂ ಸಾರ. ಅಷ್ಟು ಸಾರ ತೆಗೆಯಲು ಕಾಲು ಕಿಲೋ ಸಿಪ್ಪೆಯೂ ಬೇಡ. ದೊಡ್ಡಮ್ಮನಿಗೆ ಸೇರಿದ್ದು ಹತ್ತಿಪ್ಪತ್ತು ರೂಪಾಯಿ, ಅತ್ತಿಗೆ ಕೊಟ್ಟಿದ್ದು 899. ನಡುವೆ ಕಾರ್ಖಾನೆ ಖರ್ಚು ಇದೆ, ಸಾಗಾಟ ಇದೆ, ಒಪ್ಪೋಣ. ಆದರೆ ಉಳಿದ ದುಡ್ಡಿನ ಬಹುಪಾಲು ಹಣ್ಣಿಗಲ್ಲ, ಕಾರ್ಖಾನೆಗೂ ಅಲ್ಲ. ಅದು "ತೂಕ ಇಳಿಯುತ್ತದೆ" ಎಂಬ ಎರಡು ಪದಕ್ಕೆ. ಹಾಗಾದರೆ ಆ ಎರಡು ಪದ ನಿಜವೇ?

ಆ ಮಾತು ಎಲ್ಲಿಂದ ಬಂತು

ಕತೆ ಶುರುವಾಗುವುದು ನಮ್ಮ ಮೈಸೂರಿನಲ್ಲಿ. ಈ ಹಣ್ಣಿನ ಹುಳಿ ಯಾವುದು ಎಂದು 1965ರಲ್ಲಿ ಕಂಡುಹಿಡಿದವರು ಅಲ್ಲಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳಾದ ಲೂಯಿಸ್ ಮತ್ತು ನೀಲಕಂಠನ್. ಹೈಡ್ರಾಕ್ಸಿಸಿಟ್ರಿಕ್ ಆಮ್ಲ, ಚಿಕ್ಕದಾಗಿ ಎಚ್‌ಸಿಎ. ಅವರು ಮಾಡಿದ್ದು ಶುದ್ಧ ವಿಜ್ಞಾನ. ತೂಕ ಇಳಿಸುತ್ತೇವೆ ಎಂದು ಅವರು ಯಾರಿಗೂ ಹೇಳಲಿಲ್ಲ.

ಕೆಲವೇ ವರ್ಷದಲ್ಲಿ ಅಮೆರಿಕದ ವಿಜ್ಞಾನಿಗಳು ಇನ್ನೊಂದು ಸಂಗತಿ ಕಂಡುಕೊಂಡರು. ದೇಹ ಸಕ್ಕರೆ, ಪಿಷ್ಟದಿಂದ ಕೊಬ್ಬು ತಯಾರಿಸುವಾಗ ಕೆಲಸ ಮಾಡುವ ಒಂದು ಕಿಣ್ವವನ್ನು ಈ ಆಮ್ಲ ತಡೆಯುತ್ತದೆ. ಇಲಿಗಳ ಮೇಲೆ ಪ್ರಯೋಗಗಳಾದವು. ಕೊಬ್ಬು ಕಡಿಮೆಯಾದದ್ದೂ ಕಂಡಿತು. ಇಲ್ಲಿಯವರೆಗೆ ಎಲ್ಲ ಸರಿ. ಆದರೆ ಇಲಿಗೆ ಆದದ್ದು ಮನುಷ್ಯರಿಗೂ ಆಗಬೇಕೆಂದಿಲ್ಲ. ನಮ್ಮ ದೇಹ ಸಾಮಾನ್ಯವಾಗಿ ಆ ದಾರಿಯಲ್ಲಿ ಕೊಬ್ಬು ಮಾಡುವುದು ಕಡಿಮೆ. ಕಂಪನಿಗಳು ಅಷ್ಟು ಕಾಯಲಿಲ್ಲ. 1994ರಲ್ಲಿ ಅಮೆರಿಕ ಒಂದು ಕಾನೂನು ತಂದು, ಇಂಥ ಪೂರಕಗಳನ್ನು ಮಾರುವ ಮೊದಲು ಔಷಧದ ಹಾಗೆ ಸರ್ಕಾರದ ಒಪ್ಪಿಗೆ ಪಡೆಯಬೇಕಿಲ್ಲ ಎಂದಿತು. ಬಾಗಿಲು ತೆರೆದುಕೊಂಡಿತು. ನಮ್ಮ ಕಾಡಿನಲ್ಲಿ ಟೊಂಗೆ ಮುರಿಯತೊಡಗಿದ್ದು ಅದೇ ಕಾಲದಲ್ಲಿ.

ಸರಿಯಾದ ಪರೀಕ್ಷೆಯ ಫಲ ಬಂದದ್ದು 1998ರ ನವೆಂಬರ್‌ನಲ್ಲಿ, 'ಜಾಮಾ' ಎಂಬ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ. ತೂಕ ಹೆಚ್ಚಿದ್ದ 135 ಜನರನ್ನು ಎರಡು ಗುಂಪು ಮಾಡಿದರು. ಇಬ್ಬರಿಗೂ ಒಂದೇ ಬಗೆಯ ಪಥ್ಯದ ಊಟ. ಒಂದು ಗುಂಪಿಗೆ ದಿನಕ್ಕೆ 1500 ಮಿಲಿಗ್ರಾಂ ಎಚ್‌ಸಿಎ. ಇನ್ನೊಂದಕ್ಕೆ ನೋಡಲು ಹಾಗೇ ಕಾಣುವ, ಒಳಗೆ ಏನೂ ಇಲ್ಲದ ಹುಸಿ ಮಾತ್ರೆ. ಯಾರಿಗೆ ಯಾವುದು ಸಿಕ್ಕಿದೆ ಎಂದು ನುಂಗುವವರಿಗೆ ಗೊತ್ತಿರಲಿಲ್ಲ. 12 ವಾರ ಬಿಟ್ಟು ತೂಗಿದರು. ಉಪ್ಪಾಗೆ ಸಾರ ನುಂಗಿದವರು ಸರಾಸರಿ 3.2 ಕಿಲೋ ಇಳಿದಿದ್ದರು. ಹುಸಿ ಮಾತ್ರೆಯವರು 4.1 ಕಿಲೋ!

ಹುಸಿ ಮಾತ್ರೆಯೇ ಒಳ್ಳೆಯದು ಎಂದು ಇದರ ಅರ್ಥವಲ್ಲ. ಆ ವ್ಯತ್ಯಾಸ ಲೆಕ್ಕಕ್ಕೆ ಬರುವಷ್ಟು ದೊಡ್ಡದಲ್ಲ. ಅರ್ಥ ಇಷ್ಟೇ: ಇಳಿಸಿದ್ದು ಪಥ್ಯ, ಮಾತ್ರೆಯಲ್ಲ. ಆಮೇಲೆ 2011ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದವರಿಗೂ ಸಿಕ್ಕ ವ್ಯತ್ಯಾಸ ಸರಾಸರಿ ಒಂದು ಕಿಲೋಗಿಂತ ಕಡಿಮೆ. ಅದರಿಂದ ಆರೋಗ್ಯಕ್ಕೆ ಏನಾದರೂ ಪ್ರಯೋಜನ ಇದೆಯೇ ಎಂಬುದೇ ಅನುಮಾನ ಎಂದು ಅವರೂ ಬರೆದರು.

ಪರೀಕ್ಷೆಯಲ್ಲಿ ಫೇಲಾಗಿ ಇಪ್ಪತ್ತೈದು ವರ್ಷ ದಾಟಿದೆ. ಡಬ್ಬಿ ಮಾತ್ರ ಇನ್ನೂ ಮಾರಾಟವಾಗುತ್ತಲೇ ಇದೆ. 2012ರಲ್ಲಿ ಅಮೆರಿಕದ ಟಿವಿ ವೈದ್ಯ ಡಾ. ಆಜ್ ತನ್ನ ಕಾರ್ಯಕ್ರಮದಲ್ಲಿ ಇದನ್ನು ಹೊಗಳಿದ ಮೇಲೆ ವ್ಯಾಪಾರ ಇನ್ನಷ್ಟು ಏರಿತು. 2014ರಲ್ಲಿ ಅಲ್ಲಿನ ಸೆನೆಟ್ ಸಮಿತಿ ಆತನನ್ನು ಕರೆಸಿ, ಇಂಥ ಮಾತು ಯಾಕೆ ಆಡುತ್ತೀರಿ ಎಂದು ಎಲ್ಲರೆದುರು ಕೇಳಿತು. ನಮ್ಮಲ್ಲಿ ಸಂಘದ ಸಭೆಗೆ ಬಂದು ಅದೇ ಮಾತು ಆಡಿದವಳನ್ನು ಕೇಳುವವರು ಯಾರು?

"ನೈಸರ್ಗಿಕ ಅಲ್ಲವಾ, ಏನಾಗುತ್ತದೆ?"

ಇದು ಎಲ್ಲರೂ ಹೇಳುವ ಮಾತು. ಕಾಸರಕನ ಕಾಯಿಯೂ ನೈಸರ್ಗಿಕವೇ. ಯಾರಾದರೂ ತಿನ್ನುತ್ತಾರಾ?

ಸಾರಿಗೆ ಎರಡು ಸಿಪ್ಪೆ ಹಾಕುವುದು ಬೇರೆ. ಅದರ ಸಾರ ಗಟ್ಟಿ ಮಾಡಿ ದಿನವೂ ಖಾಲಿ ಹೊಟ್ಟೆಗೆ ನುಂಗುವುದು ಬೇರೆ. ಈ ಕ್ಯಾಪ್ಸೂಲ್ ನುಂಗಿದ ಕೆಲವರಿಗೆ ಯಕೃತ್ತು ಕೆಟ್ಟ ಪ್ರಕರಣಗಳು ವೈದ್ಯರ ದಾಖಲೆಯಲ್ಲಿವೆ. 2025ರಲ್ಲಿ ಫ್ರಾನ್ಸಿನ ಆಹಾರ ಸುರಕ್ಷತಾ ಸಂಸ್ಥೆ, ಇದಿರುವ ಪೂರಕಗಳನ್ನು ತಿನ್ನಲೇಬೇಡಿ ಎಂದು ಜನರಿಗೆ ಹೇಳಿತು. ನುಂಗಿದವರಿಗೆಲ್ಲ ಹೀಗಾಗುತ್ತದೆ ಎಂದು ನಾನು ಹೆದರಿಸುವುದಿಲ್ಲ, ಆಗುವುದು ಕೆಲವರಿಗೆ. ಆದರೆ ಪ್ರಯೋಜನವೇ ಇಲ್ಲದ ವಸ್ತುವಿಗಾಗಿ ಆ ಕೆಲವರಲ್ಲಿ ಒಬ್ಬರಾಗುವುದು ಯಾಕೆ?

ನನಗೆ ಅದಕ್ಕಿಂತ ಹೆದರಿಕೆಯಾದದ್ದು ಅತ್ತಿಗೆ ಆಮೇಲೆ ಹೇಳಿದ ಮಾತು ಕೇಳಿ. "ಇದು ಶುರು ಮಾಡಿದ ಮೇಲೆ ಶುಗರ್ ಮಾತ್ರೆ ನಿಲ್ಲಿಸಬಹುದು ಅಂದಳು." ಪುಣ್ಯಕ್ಕೆ ನಿಲ್ಲಿಸಿರಲಿಲ್ಲ. ಸಂಘದ ಉಳಿದ ಆರು ಜನರ ಮನೆಗೆ ಆ ಸಂಜೆಯೇ ಅತ್ತಿಗೆಯನ್ನು ಕರೆದುಕೊಂಡು ಹೋದೆ. ಒಬ್ಬರು ಬಿಪಿ ಮಾತ್ರೆ ಬಿಟ್ಟು ಒಂಬತ್ತು ದಿನವಾಗಿತ್ತು.

ಇದು ಈ ಒಂದು ಡಬ್ಬಿಯ ಮಾತಲ್ಲ. ನೋನಿ ರಸ, ಪ್ರೋಟೀನ್ ಪುಡಿ, ಮಂಡಿನೋವಿನ ಪುಡಿ, ಹೆಸರು ಯಾವುದೇ ಇರಲಿ, ವ್ಯಾಪಾರದ ದಾರಿ ಒಂದೇ. ನಮ್ಮ ಮನೆಯ ವಸ್ತುವಿಗೆ ನಮಗೆ ತಿಳಿಯದ ಹೆಸರು. ಮಾರಲು ನಮ್ಮದೇ ನೆಂಟರು, ಗೆಳತಿಯರು. ಬಾಯಲ್ಲಿ ರೋಗದ ಹೆಸರು, ಡಬ್ಬಿಯ ಮೇಲೆ ಬೇರೆಯೇ ಬರಹ.

ಆ ಬರಹ ಏನು ಗೊತ್ತೇ? 'ನಾಟ್ ಫಾರ್ ಮೆಡಿಸಿನಲ್ ಯೂಸ್'. ಔಷಧವಾಗಿ ಬಳಸಲಿಕ್ಕಲ್ಲ. ಅತ್ತಿಗೆಯ ಡಬ್ಬಿಯ ಮೇಲೂ ಇತ್ತು, ಇರುವೆ ಗಾತ್ರದ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ. ಹಾಗೆ ಬರೆಯಲೇಬೇಕು ಎಂದು 2016ರ ನ್ಯೂಟ್ರಾಸ್ಯುಟಿಕಲ್ ನಿಯಮ ಹೇಳುತ್ತದೆ. ರೋಗ ವಾಸಿ ಮಾಡುತ್ತದೆ ಎಂದು ಯಾವ ಆಹಾರವಸ್ತುವಿನ ಬಗ್ಗೆಯೂ ಹೇಳುವಂತಿಲ್ಲ ಎಂಬುದೂ ನಿಯಮ. ಕಂಪನಿ ಬುದ್ಧಿವಂತ. ಬರಹದಲ್ಲಿ ನಿಯಮ ಪಾಲಿಸುತ್ತದೆ, ನಿಯಮ ಮುರಿಯುವ ಕೆಲಸವನ್ನು ಕಮಿಷನ್ ಆಸೆಗೆ ಬಂದ ಬಡ ಹೆಂಗಸಿನ ಬಾಯಿಗೆ ಬಿಡುತ್ತದೆ. ನಾಳೆ ಕೇಸಾದರೆ ಅವಳ ಮೇಲೆ.

ಎದುರು ಮಾತಿಗೆ ಉತ್ತರ

"ಪೂರಕಗಳೆಲ್ಲ ಮೋಸವೇ?" ಎಂದು ಕೇಳುವವರಿದ್ದಾರೆ. ಅಲ್ಲ. ಅಯೋಡಿನ್ ಉಪ್ಪು ಗಳಗಂಡ ತಡೆಯುತ್ತದೆ. ಬಸುರಿಯರಿಗೆ ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಮಾತ್ರೆ ರಕ್ತಹೀನತೆಗೆ ಬೇಕೇ ಬೇಕು. ಇವು ಪರೀಕ್ಷೆಯಲ್ಲಿ ಪಾಸಾದವು. ಯಾರಿಗೆ ಏನು ಕೊರತೆ ಎಂದು ನೋಡಿ ಕೊಡುವಂಥವು. ಉಪ್ಪು ಅಗ್ಗ, ಮಾತ್ರೆ ಪುಕ್ಕಟೆ. ವಿಚಿತ್ರ ನೋಡಿ, ಪುಕ್ಕಟೆ ಸಿಗುವ ಕಬ್ಬಿಣದ ಮಾತ್ರೆ ಎಷ್ಟೋ ಮನೆಗಳಲ್ಲಿ ಗೂಡಿನಲ್ಲಿ ಹಾಗೇ ಬಿದ್ದಿರುತ್ತದೆ, 899ರ ಡಬ್ಬಿ ಮಾತ್ರ ಹೊತ್ತಿಗೆ ಸರಿಯಾಗಿ ಖಾಲಿಯಾಗುತ್ತದೆ.

"ಈ ವ್ಯಾಪಾರ ನಿಂತರೆ ಉಪ್ಪಾಗೆ ಕೊಯ್ಯುವವರ ಗತಿ?" ಎಂಬುದು ಇನ್ನೊಂದು ಪ್ರಶ್ನೆ. ನ್ಯಾಯವಾದ ಪ್ರಶ್ನೆ. ಆದರೆ ಸುಳ್ಳಿನ ಮೇಲೆ ನಿಂತ ಬೇಡಿಕೆ ಯಾವಾಗ ಕುಸಿಯುತ್ತದೆ ಎಂದು ಹೇಳಲಾಗದು. ಕುಸಿದಾಗಲೆಲ್ಲ ಮೊದಲು ಬೀಳುವುದು ಮರ ಹತ್ತಿದವರು. ಅಡುಗೆಯ ಹುಳಿಗೆ ಹಾಗಲ್ಲ. ಕೇರಳದ ಮೀನು ಸಾರು, ಕೊಡಗಿನ ಹಂದಿ ಕರಿ ಯಾವ ಟಿವಿ ವೈದ್ಯನನ್ನೂ ನಂಬಿ ನಿಂತಿಲ್ಲ. ಕೊಯ್ಯುವವರಿಗೆ ನಿಜವಾಗಿ ಬೇಕಾದದ್ದು ಕಾಡಿನ ಉತ್ಪನ್ನದ ಮೇಲಿನ ಹಕ್ಕು. 2006ರ ಅರಣ್ಯ ಹಕ್ಕು ಕಾಯ್ದೆ ಅದನ್ನು ಬರೆದುಕೊಟ್ಟಿದೆ: ಕಿರು ಅರಣ್ಯ ಉತ್ಪನ್ನ ಸಂಗ್ರಹಿಸುವ, ಮಾರುವ ಹಕ್ಕು ಕಾಡವಾಸಿಗಳದ್ದು. ಆದರೆ ಬುಡಕಟ್ಟಿನವರಲ್ಲದ ಕಾಡವಾಸಿಗಳು ಅರ್ಜಿ ಹಾಕಿದರೆ 75 ವರ್ಷದ ದಾಖಲೆ ತನ್ನಿ ಎನ್ನುತ್ತಾರೆ. ಟೆಂಡರ್ ಹಿಡಿದ ಗುತ್ತಿಗೆದಾರನನ್ನು ಯಾರೂ ಅಜ್ಜನ ಕಾಲದ ಕಾಗದ ಕೇಳುವುದಿಲ್ಲ.

ನಾವು ಮಾಡಬೇಕಾದದ್ದು

ಯಾರಾದರೂ ಡಬ್ಬಿ ತಂದರೆ ಫೋನಿನಲ್ಲಿ ಫೋಟೋ ತೆಗೆದು, ದೊಡ್ಡದು ಮಾಡಿ ಓದಿ, ಇಲ್ಲವೇ ಮಕ್ಕಳಿಂದ ಓದಿಸಿ. 'ನಾಟ್ ಫಾರ್ ಮೆಡಿಸಿನಲ್ ಯೂಸ್' ಎಂದಿದ್ದರೆ ಮಾರುವವರಿಗೇ ತೋರಿಸಿ, "ಹಾಗಾದರೆ ಶುಗರ್ ಮಾತು ಯಾಕೆ ಆಡಿದಿರಿ?" ಎಂದು ಕೇಳಿ.

14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ತೋರಿಸಿ ಸರ್ಕಾರವೇ ಒಪ್ಪಿದೆ ಎಂದರೆ ನಂಬಬೇಡಿ. ಅದು ಆಹಾರ ವ್ಯಾಪಾರದ ಲೈಸೆನ್ಸ್. ಹೋಟೆಲ್ಲಿಗೂ ಇರುತ್ತದೆ. ಕಾಯಿಲೆ ವಾಸಿಯಾಗುತ್ತದೆ ಎಂಬುದಕ್ಕೆ ಅದು ಸರ್ಟಿಫಿಕೇಟ್ ಅಲ್ಲ.

ಮನೆಮನೆಗೆ ಬಂದು ಮಾರುವ ಕಂಪನಿಗಳಿಗೆ 2021ರ ಡೈರೆಕ್ಟ್ ಸೆಲ್ಲಿಂಗ್ ನಿಯಮ ಇದೆ. ಗುರುತಿನ ಚೀಟಿ ಇಲ್ಲದೆ, ಮೊದಲೇ ಕೇಳದೆ ಮನೆಗೆ ಬರುವಂತಿಲ್ಲ. ಚೀಟಿ ಕೇಳಿ, ಬಿಲ್ ಕೇಳಿ. ಮೋಸವಾಗಿದ್ದರೆ 1915 ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ.

ಡಾಕ್ಟರು ಕೊಟ್ಟ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಈ ಬರಹದಲ್ಲಿ ಬೇರೆಲ್ಲ ಮರೆತರೂ ಇದೊಂದು ನೆನಪಿಡಿ.

ಸಂಘದ ಅಧ್ಯಕ್ಷೆಯರಿಗೆ ಒಂದು ಮಾತು. ಅಕ್ಕಂದಿರೇ, ನಿಮ್ಮ ಸಭೆ ಯಾರದ್ದೋ ಅಂಗಡಿಯಲ್ಲ. ಮಾರುವವರಿಗೆ ಜಾಗ ಕೊಡುವ ಮೊದಲು ಆರೋಗ್ಯ ಕೇಂದ್ರದ ಡಾಕ್ಟರಿಗೋ ನರ್ಸಿಗೋ ಆ ಡಬ್ಬಿ ತೋರಿಸಿ.

ಅತ್ತಿಗೆ ಡಬ್ಬಿ ವಾಪಸು ಕೊಡಲು ಆ ಹೆಂಗಸಿಗೆ ನಾಲ್ಕು ಸಲ ಫೋನ್ ಮಾಡಿದರು. ಮೂರು ಸಲ ಎತ್ತಲಿಲ್ಲ. ನಾಲ್ಕನೇ ಸಲ ಎತ್ತಿ ಅತ್ತಳಂತೆ. ಕಂಪನಿಗೆ ಮೊದಲೇ ದುಡ್ಡು ಕಟ್ಟಿ ಮೂವತ್ತು ಡಬ್ಬಿ ತಂದಿದ್ದಾಳೆ, ಇನ್ನೂ ಹದಿನೇಳು ಮನೆಯಲ್ಲೇ ಇವೆ, ಗಂಡನಿಗೆ ಹೇಳಿಲ್ಲ. ಅತ್ತಿಗೆಗೆ ಮತ್ತೆ ದುಡ್ಡು ಕೇಳಲು ಬಾಯಿ ಬರಲಿಲ್ಲ.

ಮರ ಹತ್ತಿದವರು, ಹೊಗೆ ಕುಡಿದವರು, ಮಾರಿದವಳು, ನುಂಗಿದವರು, ಎಲ್ಲರೂ ನಮ್ಮವರೇ. ಲಾಭ ತಿಂದವರು ಮಾತ್ರ ನಮ್ಮ ಊರಿನ ದಾರಿ ಕೂಡ ನೋಡಿದವರಲ್ಲ.