ಶಾಲೆಯ ದಾಖಲೆಯೂ ಹುಟ್ಟಿದ ದಿನವೂ

ಪದವಿಪೂರ್ವ ಕಾಲೇಜುಗಳಲ್ಲಿ ಪ್ರವೇಶದ ಕಾಲ ಬಂದಿತೆಂದರೆ ಪಂಪ ರನ್ನರನ್ನು ಪಾಠ ಹೇಳುವ ನನ್ನಂಥವರಿಗೂ ಎರಡು ವಾರ ಗುಮಾಸ್ತೆಯ ಉದ್ಯೋಗ ಪ್ರಾಪ್ತವಾಗುತ್ತದೆ. ಈ ಸಲ ಶ್ರವಣಬೆಳಗೊಳದ ಸಮೀಪದ ಹಳ್ಳಿಯಿಂದ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದಿದ್ದರು. ಹುಡುಗಿಯ ಕೈಯಲ್ಲಿ ಮೂರು ಕಾಗದಗಳು: ಎಸ್.ಎಸ್.ಎಲ್.ಸಿ. ಅಂಕಪಟ್ಟಿ, ಪ್ರೌಢಶಾಲೆಯ ವರ್ಗಾವಣೆ ಪತ್ರ, ಆಧಾರ್ ಕಾರ್ಡು. ಮೂರರಲ್ಲಿಯೂ ಅವಳೇ ಇದ್ದಾಳೆ. ಆದರೆ ಮೂವರಾಗಿ ಇದ್ದಾಳೆ. ಒಂದರಲ್ಲಿ ಹೆಸರಿನ ಇಂಗ್ಲಿಷ್ ರೂಪಕ್ಕೆ 'ಎಚ್' ಅಕ್ಷರವೊಂದು ಹೆಚ್ಚು. ಇನ್ನೊಂದರಲ್ಲಿ ತಂದೆಯ ಹೆಸರಿನ 'ಗೌಡ' ಬಿಟ್ಟುಹೋಗಿದೆ. ಮತ್ತೊಂದರಲ್ಲಿ ಹುಟ್ಟಿದ ತಿಂಗಳೇ ಬೇರೆ. ಅಂಕಗಳು ಬಹಳ ಚೆನ್ನಾಗಿದ್ದವು. ಆ ಸಂಗತಿಯನ್ನು ತಾಯಿಯೂ ಹೇಳಲಿಲ್ಲ, ಮಗಳೂ ಹೇಳಲಿಲ್ಲ. “ಬರ್ದೋರು ಯಾರೋ ಮೇಷ್ಟ್ರೇ, ಅಲೆಯೋರು ಮಾತ್ರ ನಾವು” ಎಂದರು ತಾಯಿ. ನಾಳೆ ವಿದ್ಯಾರ್ಥಿವೇತನ ನಿಂತರೆ, ನಾಳಿದ್ದು ಸಿಕ್ಕಿದ ಕೆಲಸ ಕೈತಪ್ಪಿದರೆ ಎಂಬುದು ಅವರ ಭಯ.

ಈ ಭಯವನ್ನು ಹಳ್ಳಿಯ ಹೆಂಗಸಿನ ಅತಿಶಂಕೆಯೆಂದು ತಳ್ಳಿಹಾಕುವಂತಿಲ್ಲ. 2025ರಲ್ಲಿ ಬಿಹಾರದ ಮತದಾರರ ಪಟ್ಟಿಯನ್ನು ವಿಶೇಷವಾಗಿ ಪರಿಷ್ಕರಿಸಲು ಹೊರಟ ಚುನಾವಣಾ ಆಯೋಗವು ಮೊದಲಿಗೆ ಸೂಚಿಸಿದ ಹನ್ನೊಂದು ದಾಖಲೆಗಳಲ್ಲಿ ಮೆಟ್ರಿಕ್ಯುಲೇಷನ್ ಪ್ರಮಾಣಪತ್ರವೂ ಒಂದು; ಆಧಾರ್ ಆ ಸಾಲಿನಲ್ಲಿ ಇರಲಿಲ್ಲ. ಅದಕ್ಕೂ ಹಿಂದಿನ ವರ್ಷ, 2024ರ ಅಕ್ಟೋಬರಿನಲ್ಲಿ, ಅಪಘಾತದಲ್ಲಿ ತೀರಿಹೋದವರೊಬ್ಬರ ವಯಸ್ಸನ್ನು ಆಧಾರ್ ಕಾರ್ಡಿನಿಂದ ತೆಗೆದುಕೊಳ್ಳದೆ ಶಾಲೆ ಬಿಟ್ಟ ಪ್ರಮಾಣಪತ್ರದಿಂದಲೇ ತೆಗೆದುಕೊಳ್ಳಬೇಕೆಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ಕಾನೂನಿನೊಡನೆ ಸಂಘರ್ಷಕ್ಕೆ ಬಿದ್ದ ಮಗುವಿನ ವಯಸ್ಸನ್ನು ನಿರ್ಧರಿಸುವಾಗಲೂ 2015ರ ಬಾಲನ್ಯಾಯ ಕಾಯಿದೆ ಮೊದಲು ಕೇಳುವುದು ಶಾಲೆಯ ಕಾಗದವನ್ನೇ. ಗಣಕಯಂತ್ರಗಳು ಎಷ್ಟೇ ಬರಲಿ, ಕೊನೆಗೆ ಎಲ್ಲರೂ ಹಿಂದಿರುಗಿ ಬರುವುದು ಹಳ್ಳಿಯ ಶಾಲೆಯ ಬೀರುವಿನಲ್ಲಿ ಗೆದ್ದಲು ಬಿಟ್ಟ ಆ ದಾಖಲಾತಿ ಪುಸ್ತಕಕ್ಕೆ.

ಆ ಪುಸ್ತಕ ತುಂಬುತ್ತಿದ್ದ ಬಗೆಯನ್ನು ಬಲ್ಲವರಿಗೆ ಇದು ನಗುವ ವಿಷಯವೂ ಹೌದು, ಹೆದರುವ ವಿಷಯವೂ ಹೌದು. ಬಲಗೈಯನ್ನು ತಲೆಯ ಮೇಲಿಂದ ತಂದು ಎಡಕಿವಿಯನ್ನು ಮುಟ್ಟಿದ ಮಗುವಿಗೆ ಆರು ವರ್ಷ ತುಂಬಿತೆಂದು ಲೆಕ್ಕ. ದಿನಾಂಕ ಗೊತ್ತಿಲ್ಲದಿದ್ದರೆ ಶಾಲೆ ಆರಂಭವಾಗುವ ತಿಂಗಳು ಇದ್ದೇ ಇದೆಯಲ್ಲ! ಹೀಗೆ ಜೂನ್ 1ರಂದು ಹುಟ್ಟಿದವರು ನಮ್ಮ ಜಿಲ್ಲೆಯಲ್ಲಿ ಎಷ್ಟು ಮಂದಿಯೋ. ಅವರಲ್ಲಿ ನಾನೂ ಒಬ್ಬ. ನನ್ನ ದಾಖಲೆಯ ಪ್ರಕಾರ ನಾನು ಹುಟ್ಟಿದ್ದು 1-6-1980ರಂದು. ನನ್ನ ತಾಯಿಯ ಪಂಚಾಂಗ ಬೇರೆ. ಬೆಳಗೊಳದ ಸುತ್ತಿನ ಹಳ್ಳಿಗಳಲ್ಲಿ ಕಾಲವನ್ನು ಮಹಾಮಸ್ತಕಾಭಿಷೇಕಗಳಿಂದ ಎಣಿಸುವುದು ವಾಡಿಕೆ: 1953, 1967, 1981, 1993, 2006, 2018. “ಇಂದಿರಾ ಗಾಂಧಿ ಹೆಲಿಕಾಪ್ಟರಿನಿಂದ ಸ್ವಾಮಿ ಮೇಲೆ ಹೂ ಸುರಿಸಿದರಲ್ಲ, ಅವತ್ತು ನೀನು ಹನ್ನೆರಡು ದಿನದ ಕೂಸು” ಎಂದು ಆಕೆ ಇಂದಿಗೂ ಹೇಳುತ್ತಾಳೆ. ಅದು 1981ರ ಫೆಬ್ರವರಿ. ಒಂದು ವರ್ಷ ಮನೆಯಲ್ಲಿ ಕೂರಿಸುವುದೇಕೆಂದು ನನ್ನ ತಂದೆ ಕೇಳಿಕೊಂಡರು, ಮುಖ್ಯೋಪಾಧ್ಯಾಯರು ಕನಿಕರದಿಂದ ಒಪ್ಪಿದರು, ನಾನು ಎಂಟು ತಿಂಗಳು ಹಿರಿಯನಾದೆ. ಅಷ್ಟೇ ಮೊದಲು ನಿವೃತ್ತನೂ ಆಗುತ್ತೇನೆ. ಆ ಮುಖ್ಯೋಪಾಧ್ಯಾಯರನ್ನು ದೂರುವ ಮನಸ್ಸು ನನಗಿಲ್ಲ. ಅವರು ಬರೆದದ್ದು ಮಗುವನ್ನು ಬೆಂಚಿನ ಮೇಲೆ ಕೂರಿಸುವುದಕ್ಕಾಗಿ. ರಾಜ್ಯದ ಅಷ್ಟೂ ಕಚೇರಿಗಳು ಮುಂದೊಂದು ದಿನ ಆ ಒಂದು ಸಾಲಿನ ಮೇಲೆ ಬಂದು ಕೂರುತ್ತವೆಂದು ಅವರಿಗೆ ಹೇಗೆ ತಿಳಿಯಬೇಕು?

ನಮ್ಮ ಸಮಾಜ ಹುಟ್ಟಿದ ದಿನವನ್ನು ಬರೆದಿಡುವ ಅಭ್ಯಾಸವನ್ನು ಹೆಚ್ಚಾಗಿ ಬೆಳೆಸಿಕೊಂಡದ್ದೇ ಇಲ್ಲ. ಚಿಕ್ಕಬೆಟ್ಟದ ನಿಸಿದಿಗಲ್ಲುಗಳನ್ನು ನೋಡಿ. ಸಲ್ಲೇಖನದಿಂದ ದೇಹ ಬಿಟ್ಟವರ ಸಂವತ್ಸರ, ಮಾಸ, ತಿಥಿ, ವಾರಗಳನ್ನು ಎಷ್ಟೋ ಶಾಸನಗಳು ಅಚ್ಚುಕಟ್ಟಾಗಿ ಹೇಳುತ್ತವೆ. ಅವರು ಹುಟ್ಟಿದ ದಿನವನ್ನು ಕೇಳಿದರೆ ಕಲ್ಲು ಮೌನ. ಜಾತಕ ಬರೆಸುವ ಮನೆಗಳನ್ನು ಬಿಟ್ಟರೆ ಉಳಿದವರಿಗೆ ಹುಟ್ಟಿದ ದಿನವೊಂದನ್ನು ದಯಪಾಲಿಸಿದ್ದು ಶಾಲೆಯೇ.

ದಿನಾಂಕದ ತಪ್ಪಿನ ವಿಷಯದಲ್ಲಿ ನ್ಯಾಯಾಲಯಗಳು ನಿಷ್ಠುರವಾಗಿವೆ. ಕರ್ನಾಟಕದ ಸರ್ಕಾರಿ ನೌಕರರ ವಯೋನಿರ್ಣಯ ಕಾಯಿದೆ 1974ರಷ್ಟು ಹಳೆಯದು. ಸೇವಾ ಪುಸ್ತಕದಲ್ಲಿ ಜನ್ಮದಿನಾಂಕ ದಾಖಲಾದ ಮೂರು ವರ್ಷದೊಳಗೆ ಅರ್ಜಿ ಹಾಕದವನಿಗೆ ಆ ಬಾಗಿಲು ಮುಚ್ಚಿದಂತೆ. ಕರ್ನಾಟಕ ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿ ನಿಯಮಿತದ ನೌಕರರೊಬ್ಬರ ಮೊಕದ್ದಮೆಯಲ್ಲಿ 2021ರಲ್ಲಿ ಸುಪ್ರೀಂ ಕೋರ್ಟು ಇನ್ನೂ ಮುಂದೆ ಹೋಗಿ, ಬಲವಾದ ಸಾಕ್ಷ್ಯವಿದ್ದರೂ ತಿದ್ದುಪಡಿಯನ್ನು ಹಕ್ಕೆಂದು ಕೇಳುವಂತಿಲ್ಲ, ತಡಮಾಡಿದ್ದೇ ನಿರಾಕರಣೆಗೆ ಸಾಕು ಎಂದಿತು. 2012ರಲ್ಲಿ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ವಿ. ಕೆ. ಸಿಂಗ್ ಅವರ ಕಥೆಯೂ ನೆನಪಿರಬಹುದು. ಮೆಟ್ರಿಕ್ಯುಲೇಷನ್ ಪ್ರಮಾಣಪತ್ರ 1951 ಎನ್ನುತ್ತಿತ್ತು, ಸೇನೆ ಸೇರುವಾಗಿನ ಅರ್ಜಿ 1950 ಎನ್ನುತ್ತಿತ್ತು. ಅವರು ಸುಪ್ರೀಂ ಕೋರ್ಟಿನಿಂದ ಅರ್ಜಿಯನ್ನು ಹಿಂತೆಗೆದುಕೊಂಡು ಆ ವರ್ಷದ ಮೇ ತಿಂಗಳಲ್ಲಿಯೇ ನಿವೃತ್ತರಾದರು.

ಈ ನಿಷ್ಠುರತೆಯಲ್ಲಿ ನನಗೆ ಅನ್ಯಾಯ ಕಾಣುವುದಿಲ್ಲ. ಸೇವೆಯ ಸಂಜೆಗೆ ಸರಿಯಾಗಿ ಅಟ್ಟದ ಮೇಲಿನಿಂದ ಜಾತಕ ಸಿಕ್ಕುವುದು ನಮ್ಮಲ್ಲಿ ಅಪೂರ್ವವೇನೂ ಅಲ್ಲ. ಒಬ್ಬರು ಒಂದು ವರ್ಷ ಹೆಚ್ಚು ಕುಳಿತರೆ ಕಾದು ನಿಂತ ಕಿರಿಯನ ಬಡ್ತಿ ಕರಗುತ್ತದೆ. ನನ್ನ ಎಂಟು ತಿಂಗಳನ್ನು ಆದಕಾರಣ ನಾನು ಸಂತೋಷದಿಂದಲೇ ಬಿಟ್ಟುಕೊಡುತ್ತೇನೆ, ತಾಯಿಗೆ ಇದು ಒಪ್ಪಿಗೆಯಿಲ್ಲ ಎಂಬುದು ಬೇರೆ ಮಾತು.

ಹೆಸರಿನ ತಪ್ಪು ಇದರಂತಲ್ಲ. ಅದನ್ನು ತಿದ್ದಿದರೆ ಯಾರ ಬಡ್ತಿಯೂ ಹೋಗುವುದಿಲ್ಲ. ಆದರೂ ಕಚೇರಿಗಳು ಎರಡನ್ನೂ ಒಂದೇ ಸಂಶಯದಿಂದ ನೋಡುತ್ತವೆ, ನನ್ನ ತಕರಾರು ಇರುವುದು ಇಲ್ಲಿ. ದೊಡ್ಡಬೆಟ್ಟವನ್ನೇರಿ ಗೊಮ್ಮಟನ ಪಾದದ ಬಳಿಯ ಶಾಸನಗಳನ್ನು ಓದಿದವರು ಬಲ್ಲರು: ಬಿಂಬವನ್ನು ಮಾಡಿಸಿದಾತನ ಹೆಸರು ಕನ್ನಡದಲ್ಲಿಯೂ ತಮಿಳಿನಲ್ಲಿಯೂ 'ಚಾಮುಂಡ', ಮರಾಠಿಯಲ್ಲಿ 'ಚಾವುಂಡ'. ಸಾಹಿತ್ಯ ಚರಿತ್ರೆಯಲ್ಲಿ ನಾವು ಓದುವುದು ಚಾವುಂಡರಾಯನೆಂದೇ. ಇವರಿಬ್ಬರೂ ಒಬ್ಬನೇ ಎಂದು ಪ್ರಮಾಣಪತ್ರ ತರಲು ಯಾರೂ ಹೇಳಿಲ್ಲ. ಊರಿನ ಹೆಸರನ್ನೇ ತೆಗೆದುಕೊಳ್ಳಿ. ಶಾಸನದ ಬೆಳ್ಗೊಳ ಬೆಳಗೊಳವಾಯಿತು. 1889ರಲ್ಲಿ ಇಲ್ಲಿಯ ಶಾಸನಗಳನ್ನು ಪ್ರಕಟಿಸಿದ ರೈಸ್ ಅದನ್ನು ಇಂಗ್ಲಿಷಿನಲ್ಲಿ ಬರೆದ ಬಗೆ ಒಂದು, ಇಂದಿನ ಫಲಕಗಳು ಬರೆಯುವ ಬಗೆ ಇನ್ನೊಂದು. ಇಲ್ಲಿ ಹುಟ್ಟಿದವನ ಎರಡು ಕಾಗದಗಳಲ್ಲಿ ಊರಿನ ಕಾಗುಣಿತ ಹೊಂದದಿದ್ದರೆ ತಪ್ಪು ಯಾರದು?

ಇದರ ಮೇಲೆ 'ಕುಲನಾಮ' ಎಂಬ ಅಂಕಣ ಬೇರೆ. ನಮ್ಮ ಕಡೆ ಹೆಸರಿನ ಮುಂದಿನ ಅಕ್ಷರಗಳಲ್ಲಿ ಊರು ಇರುತ್ತದೆ, ತಂದೆ ಇರುತ್ತಾನೆ, ಕುಲನಾಮ ಇರುವುದು ಅಪರೂಪ. ಎಚ್. ಡಿ. ದೇವೇಗೌಡರ 'ಎಚ್' ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿ, 'ಡಿ' ತಂದೆ ದೊಡ್ಡೇಗೌಡರು. ಅ.ನ.ಕೃ. ಅವರಂತೂ ಹುಟ್ಟಿದ್ದು ಕೋಲಾರದಲ್ಲಿ, ಹೆಸರಿನಲ್ಲಿ ಹೊತ್ತದ್ದು ಅರಕಲಗೂಡನ್ನು. ಅಂಕಣಗಳು ಅವರನ್ನು 'ಶ್ರೀ ಅರಕಲಗೂಡು' ಎಂದು ಕರೆಯದೆ ಬಿಡುತ್ತಿದ್ದವೆ? ಅಕ್ಷರಗಳನ್ನು ಒಂದು ಕಚೇರಿ ಬಿಡಿಸಿ ಬರೆಯುತ್ತದೆ, ಮತ್ತೊಂದು ಬಿಡಿಸುವುದಿಲ್ಲ. ಅಲ್ಲಿಗೆ ಒಬ್ಬನು ಇಬ್ಬರಾದ. ಆ ಮೇಲೆ ನೋಟರಿ, ಅಫಿಡವಿಟ್, ಪತ್ರಿಕೆಗಳ ಒಳಪುಟದಲ್ಲಿ 'ಈ ಎರಡೂ ಹೆಸರು ನನ್ನವೇ' ಎಂಬ ಪುಟ್ಟ ಜಾಹೀರಾತು. ಒಂದು ದಿನದ ಕೂಲಿ ಬಿಟ್ಟು ಚನ್ನರಾಯಪಟ್ಟಣಕ್ಕೆ ಬರುವವರಿಗೆ ಇವು ಸಣ್ಣ ಖರ್ಚಲ್ಲ.

ಕೇಂದ್ರೀಯ ಮಾಧ್ಯಮಿಕ ಶಿಕ್ಷಣ ಮಂಡಲಿಯ ಪ್ರಮಾಣಪತ್ರಗಳ ಬಗ್ಗೆ ಸುಪ್ರೀಂ ಕೋರ್ಟು 2021ರ ಜೂನ್‌ನಲ್ಲಿ ಕೊಟ್ಟ ತೀರ್ಪು ಈ ಭೇದವನ್ನು ಗುರುತಿಸಿದೆ. ಹೆಸರು ವ್ಯಕ್ತಿಯ ಅಸ್ತಿತ್ವದ ಅಂಗ, ಸಂವಿಧಾನ ಕೊಟ್ಟ ಅಭಿವ್ಯಕ್ತಿಯ ಸ್ವಾತಂತ್ರ್ಯದಲ್ಲಿ ಅದೂ ಸೇರಿದೆ ಎಂದು ಅದು ಒಪ್ಪಿತು. ನಮ್ಮ ರಾಜ್ಯದ ಕಚೇರಿಗಳೂ ಈ ದಾರಿಯನ್ನೇ ಹಿಡಿಯಬೇಕು. ಕಾಗುಣಿತದ ಭೇದವಾದರೆ ಮೂಲ ಪುಸ್ತಕವನ್ನು ನೋಡಿ ಶಾಲೆಯ ಮುಖ್ಯಸ್ಥರು ಹಾಕಿಕೊಟ್ಟ ಒಂದು ಷರಾ ಸಾಲಬೇಕು. ಸಂಶಯವಿದ್ದರೆ ಶಾಲೆಗೆ ಕಾಗದ ಬರೆಯುವ ಹೊರೆ ಸಂಶಯಪಟ್ಟ ಕಚೇರಿಯದಾಗಬೇಕು. ತಪ್ಪು ಬರೆದವರ ಕೈ ಸರ್ಕಾರದ್ದು, ಅಲೆಯುವ ಕಾಲು ಪ್ರಜೆಯದು ಎಂಬ ಈಗಿನ ಏರ್ಪಾಡು ಯಾವ ನ್ಯಾಯ?

2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ, ಆ ದಿನದಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಯ ಪ್ರವೇಶದಿಂದ ಸರ್ಕಾರಿ ನೌಕರಿಯವರೆಗೆ ಜನನ ಪ್ರಮಾಣಪತ್ರವೇ ಆಧಾರ. ಒಳ್ಳೆಯದೇ. ಜೂನ್ 1ರ ಸಂತತಿ ಇನ್ನು ಬೆಳೆಯದು. ಕಾಗುಣಿತದ ತಪ್ಪು ಮಾತ್ರ ಶಾಲೆಯ ಮೇಜಿನಿಂದ ಆಸ್ಪತ್ರೆಯ ಮೇಜಿಗೆ ಹೋದೀತು. ಅದಕ್ಕೆ ಮೊದಲು ಹುಟ್ಟಿದ ಕೋಟ್ಯಂತರ ಜನರಿಗಂತೂ ಹಳೆಯ ಪುಸ್ತಕವೇ ಗತಿ.

ಆ ಹುಡುಗಿಯ ಅರ್ಜಿಯನ್ನು ಅಂಕಪಟ್ಟಿಯಲ್ಲಿದ್ದಂತೆಯೇ ತುಂಬಿದೆವು. ಉಳಿದೆರಡು ಕಾಗದಗಳಿಗಾಗಿ ಅವಳ ಪ್ರೌಢಶಾಲೆಗೆ ಒಂದು ಪತ್ರವನ್ನು ನಾನೇ ಬರೆದೆ. ಸಹಿ ಹಾಕುವ ಮೊದಲು ಹೆಸರನ್ನು ಅಕ್ಷರ ಅಕ್ಷರವಾಗಿ ಗಟ್ಟಿಯಾಗಿ ಓದೆಂದು ಅವಳಿಗೆ ಹೇಳಿದೆ. ಓದಿದಳು. ನಾನು ಅವಸರದಲ್ಲಿ ಒಂದು 'ಎಚ್' ಬಿಟ್ಟಿದ್ದೆ.