ತಿಪಟೂರಿನ ನಕ್ಷತ್ರಿಕ

ಹಾಸ್ಯನಟ ನರಸಿಂಹರಾಜು (1923–1979) ಜನಿಸಿದ್ದು ತಿಪಟೂರಿನಲ್ಲಿ. ಕಿಬ್ಬನಹಳ್ಳಿಯ ನಮಗೆಲ್ಲ ನೆರೆಯೂರಿನವರು. ವೃತ್ತಿರಂಗಭೂಮಿಯಲ್ಲಿ ಪಳಗಿ, 1954ರ ‘ಬೇಡರ ಕಣ್ಣಪ್ಪ’ದ ಮೂಲಕ ಚಿತ್ರರಂಗಕ್ಕೆ ಬಂದ ಅವರನ್ನು ಉಬ್ಬುಹಲ್ಲಿನ ಸಣಕಲು ವಿದೂಷಕನೆಂದಷ್ಟೇ ನೆನೆಯುವುದು ಅನ್ಯಾಯ.

1965ರ ‘ಸತ್ಯ ಹರಿಶ್ಚಂದ್ರ’ದ ನಕ್ಷತ್ರಿಕನನ್ನೇ ನೋಡಿ. ಅರ್ಥಶಾಸ್ತ್ರ ಓದಿದ ನನಗೆ ಹರಿಶ್ಚಂದ್ರನ ಕಥೆ ಮೂಲತಃ ಸಾಲವಸೂಲಿಯ ಕಥೆ. ನಕ್ಷತ್ರಿಕ ವಿಶ್ವಾಮಿತ್ರನ ವಸೂಲಿದಾರ. ರಾಜ್ಯವನ್ನೇ ಕಳೆದುಕೊಂಡವನ ಬೆನ್ನುಬಿಡದೆ ಹಣಕ್ಕಾಗಿ ಕಾಡುವ ಆ ಪೀಡಕನನ್ನು ನರಸಿಂಹರಾಜು ನಗೆಪಾಟಲಿಗೀಡುಮಾಡಿದರು. ಕೊಬ್ಬರಿಯ ಧಾರಣೆ ಕುಸಿದಾಗಲೆಲ್ಲ ಸಾಲ ಕೊಟ್ಟವರು ಮನೆಬಾಗಿಲಿಗೆ ಬಂದು ನಿಲ್ಲುವ ಈ ಸೀಮೆಯಲ್ಲಿ ಅಂಥ ನಗೆಯ ಬೆಲೆ ಸಾಮಾನ್ಯವಾದುದಲ್ಲ. (ಬಾಕಿ ವಸೂಲಿಗೆಂದು ಜೀಪು ಹತ್ತಿ ಹೊರಟ ನನ್ನಂಥ ಅಧಿಕಾರಿಗಳಿಗೂ ಅದು ತಟ್ಟಬೇಕು.) ಹಾಸ್ಯವೆಂದರೆ ಕಥೆಯ ನಡುವಿನ ವಿರಾಮವೆಂದು ತಿಳಿದವರು ಈ ಪಾತ್ರವನ್ನು ಮತ್ತೊಮ್ಮೆ ನೋಡಲಿ.

1974ರ ‘ಪ್ರೊಫೆಸರ್ ಹುಚ್ಚೂರಾಯ’ದಲ್ಲಿ ಅವರೇ ನಾಯಕ. ‘ಸತ್ಯ ಹರಿಶ್ಚಂದ್ರ’ಕ್ಕೆ 2008ರಲ್ಲಿ ವರ್ಣಸಂಸ್ಕರಣದ ಭಾಗ್ಯ ದೊರೆಯಿತು. ಹಾಸ್ಯಪ್ರಧಾನ ಚಿತ್ರಗಳಿಗೂ ಅಂಥ ಆರೈಕೆ ಸಲ್ಲಬೇಕು. ಬಣ್ಣ ಬೇಡ, ಮೂಲಪ್ರತಿ ಕೆಡದಂತೆ ಕಾಯ್ದರೆ ಸಾಕು. ಕರ್ನಾಟಕ ಚಲನಚಿತ್ರ ಅಕಾಡೆಮಿ ಈ ಹೊಣೆ ಹೊತ್ತು, ವರ್ಷಕ್ಕೊಮ್ಮೆ ತಿಪಟೂರಿನಲ್ಲಿ ಅವರ ಚಿತ್ರಗಳ ಪ್ರದರ್ಶನ ಏರ್ಪಡಿಸಲಿ. ಅದಕ್ಕಾಗುವ ವೆಚ್ಚ ಒಂದು ಪುತ್ಥಳಿಯ ಖರ್ಚನ್ನು ಮೀರಲಾರದು.