ಸೊಂಟ ಹಿಡಿದವರ ಕೈಗೆಲ್ಲ ಎಕ್ಸ್‌ರೇ ಚೀಟಿ

ಮೂಟೆ ಎತ್ತುವಾಗ ಸೊಂಟ ಉಳುಕಿದ ಹಮಾಲರಿಗೂ, ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂತು ಬೆನ್ನು ಹಿಡಿದುಕೊಂಡವರಿಗೂ ನಮ್ಮ ಕ್ಲಿನಿಕ್ಕುಗಳಲ್ಲಿ ಸಿಗುವ ಚೀಟಿ ಒಂದೇ: ‘ಎಕ್ಸ್‌ರೇ ಎಲ್‌ಎಸ್ ಸ್ಪೈನ್, ಎಪಿ ಅಂಡ್ ಲ್ಯಾಟರಲ್’, ಅಂದರೆ ಸೊಂಟದ ಮೂಳೆಗಳ ಚಿತ್ರ, ಎದುರಿನಿಂದೊಂದು, ಪಕ್ಕದಿಂದೊಂದು. ಕಾರಣ ಬರೆಯುವ ಜಾಗದಲ್ಲಿ ‘ಎಲ್‌ಬಿಎ’ ಎಂಬ ಮೂರಕ್ಷರ. ಅಂದರೆ ಸೊಂಟನೋವು. ಅದನ್ನು ರೋಗಿಯೇ ಒಳಗೆ ಬರುತ್ತ ಹೇಳಿದ್ದ. ಡಾಕ್ಟರು ಹೊಸದಾಗಿ ಕಂಡುಕೊಂಡದ್ದು ಅದರಲ್ಲಿ ಏನೂ ಇಲ್ಲ. ಮಂಚದ ಮೇಲೆ ಮಲಗಿಸಿ ಕಾಲೆತ್ತಿ ನೋಡುವುದು, ಪಾದದ ಬಲ ಪರೀಕ್ಷಿಸುವುದು, ಮಂಡಿಗೆ ಸುತ್ತಿಗೆ ತಾಗಿಸುವುದು ಇವೆಲ್ಲ ಆದ ಮೇಲೆ ಬರೆಯಬೇಕಾದ ಚೀಟಿಯನ್ನು ಅವೆಲ್ಲದರ ಬದಲಿಗೆ ಬರೆಯುತ್ತಿದ್ದಾರೆ. ನನ್ನ ತಕರಾರು ಇದಕ್ಕೆ.

ಎಕ್ಸ್‌ರೇ ಮೂಳೆಯ ಚಿತ್ರ. ಮೂಳೆ ಮುರಿದಿದ್ದರೆ, ಕುಸಿದಿದ್ದರೆ, ಒಂದರ ಮೇಲಿಂದ ಇನ್ನೊಂದು ಸರಿದಿದ್ದರೆ ಅದು ತೋರಿಸುತ್ತದೆ. ಎದುರಿನಿಂದ ತೆಗೆದ ಫಿಲ್ಮ್‌ನಲ್ಲಿ ಸೊಂಟದ ಒಂದೊಂದು ಮೂಳೆಯೂ ಗೂಬೆಯ ಮುಖದಂತೆ ಕಾಣುತ್ತದೆ. ಎಡಬಲದ ಪೆಡಿಕಲ್ ಎಂಬ ಮೂಳೆಭಾಗಗಳು ಎರಡು ಕಣ್ಣು, ನಡುವಿನ ಮುಳ್ಳುಮೂಳೆಯೇ ಕೊಕ್ಕು. ಒಂದು ಕಣ್ಣು ಮಾಯವಾಗಿದ್ದರೆ ಪಳಗಿದ ರೇಡಿಯಾಲಜಿಸ್ಟ್ ತಕ್ಷಣ ನೆಟ್ಟಗೆ ಕೂರುತ್ತಾರೆ. ಬೇರೆಲ್ಲೋ ಹುಟ್ಟಿದ ಕ್ಯಾನ್ಸರ್ ಅಲ್ಲಿಗೆ ಬಂದು ಮೂಳೆ ತಿಂದಿರಬಹುದು. ಆ ವಿದ್ಯೆಯನ್ನು ನಾನು ಹೀಗಳೆಯುತ್ತಿಲ್ಲ. ಆದರೆ ಡಿಸ್ಕ್, ನರ, ಸ್ನಾಯು ಆ ಫಿಲ್ಮ್‌ನಲ್ಲಿ ಮೂಡುವುದೇ ಇಲ್ಲ. ಡಿಸ್ಕ್ ಇರುವ ಜಾಗ ಕಿರಿದಾಗಿದೆ ಎನ್ನಬಹುದು, ಅಷ್ಟೆ. ಅದೇ ಫಿಲ್ಮನ್ನು ಬೆಳಕಿಗೆ ಹಿಡಿದು ‘ನೋಡಿ, ಡಿಸ್ಕ್ ನರ ಒತ್ತುತ್ತಿದೆ’ ಎನ್ನುವವರು ಕಾಣದ್ದನ್ನು ಕಾಣಿಸುತ್ತಿದ್ದಾರೆ. ಸಾಮಾನ್ಯ ಸೊಂಟನೋವಿನ ಮೂಲ ಇಂಥದ್ದೇ ಎಂದು ಯಾವ ಚಿತ್ರದಲ್ಲೂ ಬೆರಳಿಟ್ಟು ತೋರಿಸುವುದು ಕಷ್ಟ. ಬಹುಪಾಲು ನೋವು ಕೆಲವೇ ವಾರಗಳಲ್ಲಿ ತಾನಾಗಿ ಇಳಿಯುತ್ತದೆ ಕೂಡ.

ಇನ್ನು ರಿಪೋರ್ಟಿನ ಭಾಷೆ. ‘ಲಂಬಾರ್ ಸ್ಪಾಂಡಿಲೋಸಿಸ್’, ‘ಆಸ್ಟಿಯೋಫೈಟ್ಸ್’, ‘ಡಿಜೆನರೇಟಿವ್ ಚೇಂಜಸ್’ ಎಂದು ಓದಿದವರಿಗೆ ಬೆನ್ನು ಪುಡಿಯಾಗಿ ಹೋಗಿದೆ ಎಂದೇ ಅನಿಸುತ್ತದೆ. 2015ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ, ಬೆನ್ನುನೋವೇ ಇಲ್ಲದ 3,110 ಜನರ ಸಿಟಿ, ಎಂಆರ್‌ಐ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿತು. ಡಿಸ್ಕ್ ಸವೆತ 20ರ ವಯಸ್ಸಿನಲ್ಲೇ ಶೇ 37ರಷ್ಟು ಮಂದಿಯಲ್ಲಿತ್ತು, 50ರಲ್ಲಿ ಶೇ 80, ಎಂಬತ್ತರಲ್ಲಿ ಶೇ 96. ನೋವಿಲ್ಲದವರಲ್ಲೂ ಇಷ್ಟೊಂದು ಸವೆತವಿರುವಾಗ, ನೋವಿದ್ದವರ ಫಿಲ್ಮ್‌ನಲ್ಲಿ ಕಂಡದ್ದನ್ನೇ ನೋವಿನ ಕಾರಣ ಎನ್ನುವುದು ಹೇಗೆ? ಆದರೂ ಆ ಕಾಗದ ಕೈಗೆ ಬಂದ ಮೇಲೆ ಐವತ್ತರ ಹೆಂಗಸು ಬಾವಿಯಿಂದ ನೀರು ಸೇದುವುದನ್ನು ಬಿಡುತ್ತಾಳೆ, ಬಗ್ಗುವುದನ್ನು ಬಿಡುತ್ತಾಳೆ, ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡು ಮೂಲೆ ಸೇರುತ್ತಾಳೆ. ಓಡಾಡಿಕೊಂಡಿರಿ ಎನ್ನುವುದೇ ಈ ನೋವಿಗೆ ಒಳ್ಳೆಯ ಸಲಹೆ. ರಿಪೋರ್ಟು ಮಾಡುವುದು ಅದರ ತದ್ವಿರುದ್ಧ.

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಪ್ರದೇಶದಲ್ಲಿ ಸೊಂಟನೋವಿನ 421 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಎಕ್ಸ್‌ರೇ ತೆಗೆಸಿ, ಇನ್ನೊಂದಕ್ಕೆ ತೆಗೆಸದೆ ನೋಡಿದ್ದರು. 2001ರಲ್ಲಿ ಫಲಿತಾಂಶ ಬಂತು. ಮೂರು ತಿಂಗಳ ನಂತರವೂ ನೋವಿದೆ ಎಂದವರು ಎಕ್ಸ್‌ರೇ ಆದವರಲ್ಲೇ ಹೆಚ್ಚು. ತಮಾಷೆಯೆಂದರೆ, ಒಂಬತ್ತು ತಿಂಗಳಾದಾಗ ಚಿಕಿತ್ಸೆಯ ಬಗ್ಗೆ ಹೆಚ್ಚು ತೃಪ್ತಿಪಟ್ಟವರೂ ಅವರೇ! ‘ಪೇಷಂಟೇ ಕೇಳುತ್ತಾರೆ, ನಾವೇನು ಮಾಡೋಣ’ ಎನ್ನುವ ಡಾಕ್ಟರುಗಳ ಮಾತು ಹಾಗಾಗಿ ಪೂರ್ತಿ ಸುಳ್ಳಲ್ಲ. ಆದರೆ ಪೇಷಂಟ್ ಆಂಟಿಬಯಾಟಿಕ್ಕನ್ನೂ ಕೇಳುತ್ತಾನೆ, ಗ್ಲೂಕೋಸ್ ಬಾಟಲಿಯನ್ನೂ ಕೇಳುತ್ತಾನೆ. ಬೇಡ ಎಂದು ತಿಳಿಹೇಳುವುದಕ್ಕೂ ಸೇರಿಯೇ ಅಲ್ಲವೆ ಕನ್ಸಲ್ಟೇಷನ್ ಫೀಸು?

ದುಡ್ಡಿನ ಮಾತು ಬಂದ ಮೇಲೆ 2017 ನೆನಪಾಗದೆ ಇರದು. ಆ ನವೆಂಬರಿನಲ್ಲಿ ಖಾಸಗಿ ಆಸ್ಪತ್ರೆಗಳ ನಿಯಂತ್ರಣಕ್ಕೆಂದು ಆಗಿನ ಆರೋಗ್ಯ ಸಚಿವ ರಮೇಶ್ ಕುಮಾರ್ ತಂದ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯ ತಿದ್ದುಪಡಿಯ ವಿರುದ್ಧ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ಹೂಡಿದರು. ಬೆಳಗಾವಿ ಅಧಿವೇಶನದಲ್ಲಿ ಮಸೂದೆ ಮೆತ್ತಗಾಗಿಯೇ ಪಾಸಾಯಿತು. ಅದರ ಬೆನ್ನಿಗೇ ಬೆಂಗಳೂರಿನ ಕೆಲವು ಡಯಾಗ್ನೋಸ್ಟಿಕ್ ಸೆಂಟರುಗಳ ಮೇಲೆ ಆದಾಯ ತೆರಿಗೆ ಇಲಾಖೆಯ ದಾಳಿ ನಡೆಯಿತು. ರೋಗಿಗಳನ್ನು ಕಳಿಸಿಕೊಟ್ಟ ಡಾಕ್ಟರುಗಳಿಗೆ ಒಂದು ಲ್ಯಾಬ್ ಎಂಆರ್‌ಐಗೆ ಶೇ 35, ಸಿಟಿ ಸ್ಕ್ಯಾನ್‌ಗೆ ಶೇ 20ರಂತೆ ಕಮಿಷನ್ ಕೊಡುತ್ತಿತ್ತು ಎಂದು ಇಲಾಖೆಯೇ ಹೇಳಿಕೆ ಕೊಟ್ಟಿತು. ಕಮಿಷನ್ ಮುಟ್ಟಬಾರದೆಂದು ಅಂದಿನ ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯಲ್ಲೇ ಇದೆ. ಎಲ್ಲ ಡಾಕ್ಟರೂ ಹೀಗೆ ಎನ್ನುತ್ತಿಲ್ಲ. ಆದರೆ ಸೊಂಟದ ಎಕ್ಸ್‌ರೇ ಅಲ್ಲಿಗೇ ನಿಲ್ಲುವುದಿಲ್ಲ. ಅದರಲ್ಲಿ ಏನೋ ಇದೆ ಎನಿಸಿದರೆ ಮುಂದಿನ ಚೀಟಿ ಎಂಆರ್‌ಐಗೆ, ದೊಡ್ಡ ಪಾಲಿರುವುದೂ ಅಲ್ಲೇ.

ವಿಕಿರಣದ ಬಗ್ಗೆ ಹೆದರಿಸುವುದು ನನ್ನ ಉದ್ದೇಶವಲ್ಲ. ಸೊಂಟದ ಎಕ್ಸ್‌ರೇ ಸುಮಾರು ಒಂದೂವರೆ ಮಿಲಿಸೀವರ್ಟ್. ನೆಲ, ಗಾಳಿ, ಆಕಾಶದಿಂದ ಏಳೆಂಟು ತಿಂಗಳಲ್ಲಿ ನಮಗೆ ಹೇಗೂ ತಗಲುವಷ್ಟು. ಒಬ್ಬರಿಗೆ ಅಪಾಯ ತೀರಾ ಕಡಿಮೆ. ಆದರೆ ಎದೆಯ ಎಕ್ಸ್‌ರೇಗಿಂತ ಇದು ಬಹುಪಟ್ಟು ಹೆಚ್ಚು, ಮತ್ತು ಹೆಂಗಸರ ಅಂಡಾಶಯ ನೇರ ಇದರ ದಾರಿಯಲ್ಲೇ ಇರುತ್ತದೆ. ಲಾಭವಿಲ್ಲದ ಕಡೆ ಅಷ್ಟನ್ನಾದರೂ ಯಾಕೆ ಕೊಡಬೇಕು?

ಗಟ್ಟಿಯಾದ ಎದುರುವಾದ ಒಂದಿದೆ: ಇದು ಕ್ಷಯದ ದೇಶ. ಬೆನ್ನುಮೂಳೆಯ ಟಿಬಿ ಇಲ್ಲಿ ಅಪರೂಪವಲ್ಲ, ತಡವಾದರೆ ಕಾಲಿನ ಬಲವೇ ಹೋಗಬಹುದು. ಕೈತಪ್ಪಿದರೆ ಗ್ರಾಹಕ ನ್ಯಾಯಾಲಯ ಕಾದಿರುತ್ತದೆ. 1995ರಲ್ಲಿ ಸುಪ್ರೀಂ ಕೋರ್ಟ್ ಶುಲ್ಕ ಪಡೆಯುವ ವೈದ್ಯರನ್ನು ಗ್ರಾಹಕ ಸಂರಕ್ಷಣಾ ಕಾಯ್ದೆಯ ಒಳಗೆ ತಂದಾಗಿದೆ. ಈ ಭಯ ನನಗೂ ಅರ್ಥವಾಗುತ್ತದೆ. ಆದರೆ ಎಕ್ಸ್‌ರೇಯಲ್ಲಿ ಟಿಬಿ ಕಾಣಬೇಕಾದರೆ ಮೂಳೆಯ ಖನಿಜಾಂಶ ಮೂರನೇ ಒಂದು ಭಾಗಕ್ಕೂ ಹೆಚ್ಚು ಕರಗಿರಬೇಕು. ಆರಂಭದಲ್ಲಿ ಫಿಲ್ಮ್ ಶುದ್ಧವಾಗಿಯೇ ಬರುತ್ತದೆ. ‘ಎಕ್ಸ್‌ರೇ ನಾರ್ಮಲ್’ ಎಂದು ಮನೆಗೆ ಹೋದವರು ನಿಶ್ಚಿಂತೆಯಿಂದ ಮೂರು ತಿಂಗಳು ಕಳೆದುಬಿಡುತ್ತಾರೆ. ಟಿಬಿಯನ್ನು ಹಿಡಿಯುವುದು ಪ್ರಶ್ನೆಗಳು: ಸಂಜೆ ಜ್ವರ ಬರುತ್ತದೆಯೇ, ತೂಕ ಇಳಿದಿದೆಯೇ, ಮಲಗಿದಾಗಲೂ ನೋವು ಎಬ್ಬಿಸುತ್ತದೆಯೇ, ಮನೆಯಲ್ಲಿ ಯಾರಿಗಾದರೂ ಟಿಬಿ ಇತ್ತೇ? ಉತ್ತರ ಹೌದು ಎಂದಾದರೆ ಎಂಆರ್‌ಐ ತನಕ ಹೋಗಲಿ, ಯಾರೂ ಬೇಡ ಎನ್ನುವುದಿಲ್ಲ. ಬಿದ್ದವರು, ಹಿಂದೆ ಕ್ಯಾನ್ಸರ್ ಇದ್ದವರು, ಬಹುಕಾಲ ಸ್ಟಿರಾಯ್ಡ್ ನುಂಗಿದವರು, ಕಾಲು ಸೋತವರು ಇವರಿಗೂ ಕಾಯುವ ಮಾತೇ ಇಲ್ಲ. ಮೂತ್ರ ಕಟ್ಟಿಕೊಂಡು ತೊಡೆಸಂದು ಮರಗಟ್ಟಿದರಂತೂ ಅದೇ ದಿನ ದೊಡ್ಡಾಸ್ಪತ್ರೆ ಸೇರಬೇಕು.

ಸರ್ಕಾರ ಮಾಡಬಹುದಾದ ಕೆಲಸ ಸಣ್ಣದು. ಕೆಪಿಎಂಇ ನೋಂದಣಿ ಇರುವ ಪ್ರತಿ ಕ್ಲಿನಿಕ್ಕು, ಲ್ಯಾಬಿಗೆ ಒಂದು ಆದೇಶ: ಸೊಂಟದ ಚಿತ್ರದ ಚೀಟಿಯಲ್ಲಿ ಮೇಲೆ ಹೇಳಿದ ಲಕ್ಷಣಗಳಲ್ಲಿ ಯಾವುದು ಕಂಡಿತೆಂದು, ಇಲ್ಲವೇ ಎಷ್ಟು ವಾರ ಚಿಕಿತ್ಸೆ ಕೊಟ್ಟರೂ ನೋವು ಇಳಿಯಲಿಲ್ಲವೆಂದು ಬರೆದಿರಬೇಕು, ಕೆಳಗೆ ಡಾಕ್ಟರ ನೋಂದಣಿ ಸಂಖ್ಯೆ ಇರಬೇಕು. ಬರೀ ‘ಎಲ್‌ಬಿಎ’ ಎಂದಿದ್ದ ಚೀಟಿಯನ್ನು ಲ್ಯಾಬಿನವರು ವಾಪಸ್ ಕಳಿಸಬೇಕು.